ಯಜಮಾನ ಊಟ ಬಿಟ್ಟ ಆಷಾಢ

ಜುಲೈ 2, ಬುಧವಾರ

ಸ್ವಸ್ತಿ ಶ್ರೀ ಸಮಸ್ತ ಬೀದಿ ಭುವನಾಶ್ರಯ, ಬೆಕ್ಕುಗಳ ಗಂಡ, ಚಪ್ಪಲಿ ಸಂಹಾರಕ, ಮಳವಳ್ಳಿ ಪಟ್ಟಣದ ನಮ್ಮ ಬೀದಿಯ ಸಮಸ್ತ ಕಸದ ಬುಟ್ಟಿಗಳ ಏಕಮೇವ ಚಕ್ರವರ್ತಿ, ಶ್ರೀಮನ್ಮಹಾರಾಜಾಧಿರಾಜ ಯಜಮಾನ ದೇವರ ನಾಲ್ಕೂ ಪಾದಾರವಿಂದಗಳಿಗೆ ಅಡ್ಡಬಿದ್ದು, ಅವರ ಆಸ್ಥಾನದ ಇತಿಹಾಸಕಾರ್ತಿಯೂ ಬಿ.ಕಾಂ. ಕೊನೆಯ ವರ್ಷದ ವಿದ್ಯಾರ್ಥಿನಿಯೂ ಆದ ಅರ್ಪಿತ ಎಂಬ ನಾನು, ಗೊಬ್ಬರದಂಗಡಿಯವರು ಪುಕ್ಕಟೆ ಕೊಟ್ಟ ಈ ಡೈರಿಯಲ್ಲಿ ಬರೆದಿಡುವುದೇನೆಂದರೆ: ನಮ್ಮ ನಾಯಿ ಊಟ ಬಿಟ್ಟಿದೆ.

ಯಜಮಾನ ಎಂದು ಹೆಸರಿಟ್ಟವಳು ನಾನೇ. ಮರಿಯಾಗಿ ಬಂದಾಗ ಅಪ್ಪ ಟೈಗರ್ ಎಂದರು, ಅಮ್ಮ ರಾಜ ಎಂದಳು. ನಾನು ಬಿಸ್ಕತ್ತು ಹಿಡಿದುಕೊಂಡು ಯಜಮಾನ ಎಂದೆ. ಬಾಲ ಅದಕ್ಕೇ ಆಡಿತು. ಅಮ್ಮ ಅಪ್ಪನನ್ನು ಊರಿನವರ ಮುಂದೆ ಕರೆಯುವುದು ‘ನಮ್ಮ ಯಜಮಾನ್ರು’ ಎಂದೇ. ಹಾಗಾಗಿ ಈ ಬಿತ್ತನೆಗೆ ಒಂದಲ್ಲ ಒಂದು ದಿನ ಬೆಳೆ ಬಂದೇ ಬರುತ್ತದೆ ಎಂದು ನನಗೆ ನಂಬಿಕೆಯಿತ್ತು. ಇವತ್ತು ಬಂತು.

ಅಮ್ಮ ಜಗಲಿಯಲ್ಲಿ ಕೂತು ಹಲಗೂರಿನ ಚಲುವರಾಜು ಮಾವನಿಗೆ ಫೋನ್ ಮಾಡಿದ್ದಳು. ‘ಯಜಮಾನ ಭಾನುವಾರದಿಂದ ಅನ್ನ ಮುಟ್ಟಿಲ್ಲ ಕಣಣ್ಣ. ಮೂಲೇಲಿ ಬಿದ್ಕಂಡವ್ನೆ. ಕರುದ್ರೆ ಒಂದ್ ಕಣ್ ಬುಟ್ಟು ನೋಡ್ತಾನೆ, ಅಷ್ಟೆ.’

ಪಕ್ಕದ ಮನೆಗೆ ಹೋದ ತಿಂಗಳು ನಾಟಿ ಕೋಳಿಗಳ ಸಮೇತ ಬಾಡಿಗೆಗೆ ಬಂದ ಪಟ್ಟಲಮ್ಮ ಇದನ್ನು ಗೋಡೆಯಾಚೆಯಿಂದ ಕೇಳಿಸಿಕೊಂಡು, ಅರ್ಧ ಗಂಟೆಯಲ್ಲಿ ಎಳನೀರು ಬಾಳೆಹಣ್ಣು ಹಿಡಿದು ಮುಖ ಸಣ್ಣಗೆ ಮಾಡಿಕೊಂಡು ಬಂದರು. ಹೈಸ್ಕೂಲಿನ ಪಿ.ಟಿ. ಮೇಷ್ಟ್ರಾದ ನನ್ನ ಅಪ್ಪ, ಪುಟ್ಟರಾಜು, ಆಗ ಅಂಗಳದಲ್ಲಿ ಹಗ್ಗ ಹಾರುತ್ತಿದ್ದರು. ಪಟ್ಟಲಮ್ಮ ಕೈ ಮುಗಿದು, ‘ಸದ್ಯ, ಎದ್ದು ಓಡಾಡೋಂಗಾದ್ರಲ್ಲ’ ಎಂದರು.

ನಾನು ಒಳಗೆ ಹೋಗಿ ದಿಂಬು ಕಚ್ಚಿಕೊಂಡೆ.

ಅಜ್ಜಿ ಚಿಕ್ಕಬೋರಮ್ಮನವರ ರೋಗನಿರ್ಣಯ ಬೇರೆ. ‘ಈ ಕೂಸು ಕಾಲೇಜ್ಗೆ ಓಗಕ್ ಸುರು ಮಾಡ್ದಾಗ್ಲಿಂದ ಅದು ಕೊರಗ್ತಾ ಅದೆ. ಸಂಜೆ ಬಸ್ಸು ಬತ್ತಿದ್ದಂಗೆ ಗೇಟ್ಗೆ ಓಡಾಯ್ತದೆ ನೋಡು.’ ರಜೆ ಮುಗಿದು ನಾನು ಮದ್ದೂರಿಗೆ ಓಡಾಡಲು ಶುರುಮಾಡಿ ವಾರವಾಯಿತು, ನಿಜ. ಆದರೆ ನನ್ನ ಚಪ್ಪಲಿ ತಿಂದ ಪ್ರಾಣಿ ನನಗಾಗಿ ಕೊರಗುತ್ತದೆ ಎಂಬುದನ್ನು ಈ ಇತಿಹಾಸಕಾರ್ತಿ ದಂತಕಥೆ ಎಂದು ತಳ್ಳಿಹಾಕುತ್ತಾಳೆ.

ಜುಲೈ 3, ಗುರುವಾರ

ಅಪ್ಪ ಪಶು ಆಸ್ಪತ್ರೆಯ ಜಯಪ್ರಕಾಶ್ ಡಾಕ್ಟರಿಗೆ ಫೋನ್ ಮಾಡಿದರು. ಡಾಕ್ಟರು ಯಾವುದೋ ಹಳ್ಳಿಯ ಕೊಟ್ಟಿಗೆಯಲ್ಲಿದ್ದರು. ಹಸುವೂ ಡಾಕ್ಟರೂ ಒಟ್ಟಿಗೆ ಮಾತಾಡುತ್ತಿದ್ದರಂತೆ. ಅಪ್ಪ ಫೋನಿಟ್ಟು, ಕೊರಳಿನ ಪೀಪಿ ಸರಿಮಾಡಿಕೊಂಡು, ರಾಜಾಜ್ಞೆ ಓದುವವರಂತೆ ನಿಂತರು.

‘ಡಾಕ್ಟ್ರು ಒಂದೇ ಮಾತಂದ್ರು. ಅಸೀದಿದ್ರೆ ಆಕಿ, ಇಲ್ದಿದ್ರೆ ಬುಟ್ಬುಡಿ.’

‘ಅಸೀದಾ? ಏನು ಅಸೀದು?’ ಎಂದಳು ಅಮ್ಮ.

‘ಬಾಡು ಕಣೆ. ಬೇಯ್ಸ್ದೆ ಆಕ್ಬೇಕು. ಅಸೀ ಬಾಡಿದ್ರೆ ಆಕು, ಇಲ್ದಿದ್ರೆ ಈ ಮುದ್ದೆ ಗಿದ್ದೆ ಯಾವ್ದೂ ಬ್ಯಾಡ ಅಂತ.’

ರಾತ್ರಿಯೊಳಗೆ ಅಪ್ಪ ಫೋನಿನಲ್ಲಿ ಹದಿನೈದು ವಿಡಿಯೋ ನೋಡಿ ಹಸಿಮಾಂಸ ಪೀಠದ ಜಗದ್ಗುರುಗಳಾಗಿದ್ದರು. ಬೇಯಿಸಿದರೆ ಸತ್ವ ಹೋಗುತ್ತದಂತೆ. ಹಸಿ ಮೂಳೆ ಕಡಿದರೆ ಹಲ್ಲು ಮುತ್ತಿನಂತಾಗುತ್ತದಂತೆ.

‘ನಾಯಿ ಅಂದ್ರೆ ಮೂಲದಲ್ಲಿ ತೋಳ ಕಣಮ್ಮಿ’ ಎಂದರು ನನಗೆ.

‘ನಾವು ಮೂಲದಲ್ಲಿ ಕೋತಿ ಕಣಪ್ಪ. ಮರ ಹತ್ತಾನ್ವಾ?’

ಅಜ್ಜಿ ಎಲೆ ಅಡಿಕೆ ಕುಟ್ಟುತ್ತ, ‘ನಿಮ್ಮಪ್ಪ ಆಗ್ಲೇ ಅತ್ತವ್ನೆ. ಇಳ್ಸೋರ್ ಬೇಕು’ ಎಂದರು.

ಜುಲೈ 4, ಶುಕ್ರವಾರ

ಕೆಂಪರಾಜಣ್ಣನ ಅಂಗಡಿಯಿಂದ ಕೋಳಿ ಕತ್ತುಗಳು ಬಂದವು. ಅಪ್ಪ ಒಂದೊಂದನ್ನೂ ಮೆಡಲ್ ತೋರಿಸುವಂತೆ ಎತ್ತಿ ತೋರಿಸಿ ಸ್ಟೀಲ್ ತಟ್ಟೆಗೆ ಇಳಿಸಿದರು. ಯಜಮಾನ ಮೂಸಿದ. ಒಂದು ಕತ್ತನ್ನು ಹಗುರಾಗಿ, ಎರವಲು ತಂದ ಸಾಮಾನನ್ನು ವಾಪಸು ಮಾಡುವವನಂತೆ ಬಾಯಲ್ಲಿ ಹಿಡಿದು ನಡೆದುಹೋದ.

ಎಲ್ಲಿಗೆ ಹೋದ ಎಂಬುದು ಸಂಜೆ ತಿಳಿಯಿತು. ಅಮ್ಮ ದೀಪ ಹಚ್ಚಲು ಹೋದಾಗ ತುಳಸಿ ಕಟ್ಟೆಯ ಮಣ್ಣಿನಿಂದ ಕೋಳಿಯ ಕತ್ತು ಇಣುಕುತ್ತಿತ್ತು. ಶುಕ್ರವಾರ ಬೇರೆ.

ಆಮೇಲೆ ಅಮ್ಮ ಆಡಿದ ಮಾತುಗಳನ್ನು ಬರೆದರೆ ಗೊಬ್ಬರದಂಗಡಿಯ ಗೌರವಕ್ಕೆ ಕುಂದು.

ನಾನು ಬಸ್ಸಿಳಿದಾಗ ಯಜಮಾನ ಮಾತ್ರ ಎಂದಿನಂತೆ ಗೇಟಿನಲ್ಲಿದ್ದ. ಅನ್ನ ಬಿಟ್ಟರೂ ಸಂಪ್ರದಾಯ ಬಿಟ್ಟಿಲ್ಲ.

ಜುಲೈ 7, ಸೋಮವಾರ

ಸೋಮವಾರ ನಮ್ಮ ಮನೆ ದೇವರ ವಾರ. ಬಾಡು ಹೊಸಲು ದಾಟುವಂತಿಲ್ಲ. ಜಗದ್ಗುರುಗಳು ತಟ್ಟೆಯನ್ನು ಬೀದಿಯ ಮೋರಿ ಕಲ್ಲಿನ ಮೇಲಿಟ್ಟು, ‘ಇದು ಮುನಿಸಿಪಾಲ್ಟಿ ಜಾಗ’ ಎಂದು ವಾದಿಸಿದರು. ಬೀದಿಯ ಬಾಕಿ ನಾಯಿಗಳು ಆ ವಾದವನ್ನು ಒಪ್ಪಿ, ತಟ್ಟೆ ಖಾಲಿ ಮಾಡಿ ಹೋದವು. ನಮ್ಮವನು ಗೇಟಿನ ಸಂದಿಯಿಂದ ನೋಡಿ ಆಕಳಿಸಿದ.

ಇತ್ತ ಅಮ್ಮ ಮಂಡ್ಯದಿಂದ ತರಿಸಿದ ಪ್ಯಾಕೆಟ್ ಊಟ ಬಂತು. ಚೀಲದ ಮೇಲೆ ಶಾಂಪೂ ಹಾಕಿ ತೊಳೆದಂಥ ಒಂದು ಪರದೇಶದ ನಾಯಿ ನಗುತ್ತಿದೆ. ವಿಟಮಿನ್ನು, ಕ್ಯಾಲ್ಸಿಯಮ್ಮು, ಇನ್ನೂ ಏನೇನೋ ಇದೆಯಂತೆ. ಕೈ ಗಲೀಜಾಗಲ್ಲ, ದೇವರ ವಾರವೂ ಕೆಡಲ್ಲ. ಅಮ್ಮ ಒಂದು ಹಿಡಿ ತೆಗೆದು ಅಜ್ಜಿಗೆ ತೋರಿಸಿದಳು.

‘ಇದೇನಮ್ಮಿ ಆಡಿನ್ ಇಕ್ಕೆ ಇದ್ದಂಗದೆ’ ಎಂದರು ಅಜ್ಜಿ.

‘ಅತ್ತೆ, ಇದು ಸಮತೋಲನ ಆಹಾರ.’

‘ಆಡಿನ್ ಇಕ್ಕೇನೂ ಒಂದೇ ಸಮಕ್ಕಿರ್ತದೆ.’

ಯಜಮಾನ ಒಂದು ಕಾಳನ್ನು ಮೂಗಿನಿಂದ ಉರುಳಿಸಿದ. ಅದು ಸೋಫಾದ ಕೆಳಗೆ ಹೋಯಿತು. ಅವನು ಹೋಗಲಿಲ್ಲ.

ಸಾಯಂಕಾಲ ಟೀ ಹೊತ್ತಿಗೆ ಅಪ್ಪನ ಕಡ್ಲೆಪುರಿ ಬಟ್ಟಲಿಗೆ ನಾನು ಆ ಕಾಳು ಒಂದು ಹಿಡಿ ಬೆರೆಸಿದೆ. ಹಸಿಮಾಂಸ ಪೀಠದ ಜಗದ್ಗುರುಗಳು ಪೇಪರು ಓದುತ್ತ ಕರುಂ ಕುರುಂ ಎಂದು ಅಷ್ಟೂ ತಿಂದು, ‘ಉಪ್ಪು ಕಮ್ಮಿ’ ಎಂದರು.

ರಾತ್ರಿ ಅಮ್ಮ ನನ್ನ ಬ್ಯಾಗು ಎತ್ತಿಡುವಾಗ, ‘ಅದೇನ್ ತುಂಬ್ಕಂಡ್ ಬತ್ತೀಯೆ, ಎಲ್ಲ ಎಣ್ಣೆ ಜಿಡ್ಡು’ ಎಂದಳು. ವಿದ್ಯೆ ಎಂದೆ.

ಜುಲೈ 10, ಗುರುವಾರ

ಅಪ್ಪ ಅಮ್ಮ ಮಾತು ಬಿಟ್ಟಿದ್ದಾರೆ. ಏನು ಹೇಳುವುದಿದ್ದರೂ ನಾಯಿಯ ಮೂಲಕ. ‘ಯಜಮಾನ, ಗ್ಯಾಸ್ ಬುಕ್ ಮಾಡ್ಬೇಕಂತೆ ಕಣಪ್ಪ’ ಎಂದು ಅಮ್ಮ ಅಡುಗೆಮನೆಯಿಂದ ಹೇಳುತ್ತಾಳೆ. ‘ಯಜಮಾನ, ಆಗ್ಲೇ ಮಾಡಾಯ್ತು ಅಂತ ಯೋಳು’ ಎಂದು ಅಪ್ಪ ನಡುಮನೆಯಿಂದ. ಯಜಮಾನ ಎರಡೂ ಕಡೆ ಕಿವಿ ತಿರುಗಿಸಿ ಸುಸ್ತಾಗುತ್ತಾನೆ.

ನಡುಮನೆಯಲ್ಲಿ ಎರಡು ತಟ್ಟೆ. ಎಡಕ್ಕೆ ಸ್ಟೀಲು, ಹಸಿ ಪಕ್ಷ. ಬಲಕ್ಕೆ ಪ್ಲಾಸ್ಟಿಕ್ಕು, ಪ್ಯಾಕೆಟ್ ಪಕ್ಷ. ಮತದಾರ ಎರಡರ ನಡುವೆ ಮಲಗಿ ಗೊರಕೆ ಹೊಡೆಯುತ್ತಾನೆ.

ಇದೇ ಇಪ್ಪತ್ತನಾಲ್ಕಕ್ಕೆ ಭೀಮನ ಅಮಾವಾಸ್ಯೆ. ಅಮ್ಮ ಅಪ್ಪನ ಪಾದಪೂಜೆ ಮಾಡುವ ದಿನ. ಅವಳು ಕಣ್ಣು ಮುಚ್ಚಿ ಕೈ ಮುಗಿಯುವ ಹೊತ್ತಿಗೆ ಮಣೆಯ ಮೇಲೆ ಅಸಲಿ ಯಜಮಾನನನ್ನೇ ಕೂರಿಸುವ ಘನ ಯೋಜನೆ ಸಿದ್ಧವಾಗಿದೆ. ಶತಮಾನದ ಕುಚೋದ್ಯ ಎಂದು ಮುಂದಿನವರು ಹೇಳಬೇಕು.

ಜುಲೈ 13, ಭಾನುವಾರ

ಹಲಗೂರಿನಿಂದ ಚಲುವರಾಜು ಮಾವ ಬಂದರು. ಊಟ ಮುಗಿಸಿ, ಹಲ್ಲು ಚುಚ್ಚಿಕೊಳ್ಳುತ್ತ ಯಜಮಾನನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

‘ಇದೇನಾ ಊಟ ಬುಟ್ಟಿರೋ ನಾಯಿ? ಒಟ್ಟೆ ನೋಡಿದ್ರೆ ಅಂಗೇನ್ ಕಾಣಲ್ವಲ್ಲ.’

‘ಅದು ಬಾವು ಇರ್ಬೇಕು ಕಣಣ್ಣ’ ಎಂದಳು ಅಮ್ಮ.

‘ಬಾವೂ ಇಲ್ಲ ಗೀವೂ ಇಲ್ಲ. ನಮ್ ತ್ವಾಟಕ್ ಕಳ್ಸು. ಪಂಪ್‌ಸೆಟ್ ವೈರು ಕದೀತಾವ್ರೆ, ಕಾಯಕ್ಕೂ ಆಯ್ತದೆ. ಮೂರ್ ದಿನ ಗೂಟಕ್ ಕಟ್ಟಾಕುದ್ರೆ ಕಲ್ಲೂ ತಿಂತದೆ.’

ಯಾರಾದರೂ ಬೇಡ ಎನ್ನಬಹುದು ಎಂದು ನಾನು ಅಪ್ಪನ ಮುಖ ನೋಡಿದೆ. ಅಪ್ಪ ಅಮ್ಮನ ಮುಖ ನೋಡಿದರು. ಅಮ್ಮ ಸೋತಿದ್ದಳು, ಕಾಣುತ್ತಿತ್ತು.

‘ಅಮಾಸೆಗಂಟ ನೋಡ್ತೀನಿ ಕಣಣ್ಣ. ಅವತ್ತೂ ಉಣ್ಣದಿದ್ರೆ ಕರ್ಕಂಡೋಗು. ನನ್ ಕಣ್ಮುಂದೆ ಅದು ಒಣಗೋದ್ ಬ್ಯಾಡ.’

ನನಗಂತೂ ಇದರಲ್ಲಿ ನಷ್ಟವಿಲ್ಲ. ಚಪ್ಪಲಿಗಳಿಗೆ ಆಯುಷ್ಯ ಹೆಚ್ಚುತ್ತದೆ. ಅಂಗಳ ಚೊಕ್ಕಟವಾಗಿರುತ್ತದೆ. ಆ ತೋಟದ ಪಂಪ್‌ಮನೆಗೆ ಚಾವಣಿ ಅರ್ಧ ಮಾತ್ರ ಇದೆ ಎಂಬುದು ಸುಮ್ಮನೆ ನೆನಪಾಯಿತು, ಬರೆದೆ.

ಜುಲೈ 14, ಸೋಮವಾರ

ಕೊನೆಯ ಪೀರಿಯಡ್ಡು ಬಿಟ್ಟು ನಾಲ್ಕರ ಬಸ್ಸಿಗೆ ಬಂದೆ. ಮೇಷ್ಟ್ರ ಪಾಠ ಬೋರು.

ಜುಲೈ 16, ಬುಧವಾರ

ಬರೆಯುವಂಥದ್ದು ಏನೂ ನಡೆದಿಲ್ಲ. ಯಜಮಾನ ನೀರು ಕುಡಿದ. ಇವತ್ತೂ ನಾಲ್ಕರ ಬಸ್ಸು.

ಜುಲೈ 19, ಶನಿವಾರ

ಇಂದು ಒಂದು ಪವಾಡ ನಡೆಯಿತು. ಬೆಳಗ್ಗೆ ಎದ್ದವರು ನೋಡುತ್ತಾರೆ, ಎರಡೂ ತಟ್ಟೆ ಖಾಲಿ.

ಅಪ್ಪ ಸ್ಟೀಲ್ ತಟ್ಟೆಯನ್ನು ಪಂದ್ಯ ಗೆದ್ದ ಕಪ್ಪಿನಂತೆ ಎತ್ತಿ ಹಿಡಿದು ಪೀಪಿ ಊದಿದರು. ಅಮ್ಮ ಪ್ಲಾಸ್ಟಿಕ್ ತಟ್ಟೆ ತೋರಿಸಿ, ‘ಯಜಮಾನ, ಯಾವ್ದು ಮೊದ್ಲು ತಿಂದೆ ಅಂತ ನಿಮ್ಮಪ್ಪಂಗ್ ಯೋಳು’ ಎಂದಳು. ಎರಡು ಪಕ್ಷವೂ ಗೆದ್ದ ಚುನಾವಣೆ ಲೋಕದಲ್ಲಿ ಇದೊಂದೇ ಇರಬೇಕು.

ಪವಾಡ ಮಾಡಿದವಳು ನಾನು. ಎಲ್ಲರೂ ಏಳುವ ಮುಂಚೆ ಎದ್ದು ಎರಡನ್ನೂ ಹಿತ್ತಲ ಬೇಲಿಯ ಹಿಂದೆ ಸುರಿದು ಬಂದೆ. ಇದನ್ನು ಶುದ್ಧ ಕುಚೋದ್ಯ ಎಂದೇ ದಾಖಲಿಸತಕ್ಕದ್ದು. ನಾಯಿ ಹಲಗೂರಿಗೆ ಹೋಗಬಾರದು ಎಂಬಂಥ ಯಾವ ದುರುದ್ದೇಶವೂ ಇದರ ಹಿಂದೆ ಇರುವುದಿಲ್ಲ.

ಜುಲೈ 21, ಸೋಮವಾರ

ಪವಾಡ ಬಯಲಾಯಿತು. ಪಟ್ಟಲಮ್ಮನ ಕೋಳಿಗಳು ಬೇಲಿ ನುಸುಳಿ, ಸಾಲಾಗಿ ನಡುಮನೆಗೆ ನುಗ್ಗಿ, ಪ್ಲಾಸ್ಟಿಕ್ ತಟ್ಟೆಗೆ ಮುತ್ತಿದವು. ಹಿಂದೆಯೇ ಪಟ್ಟಲಮ್ಮ.

‘ಅದೇನ್ ಕಾಳು ಕಣಮ್ಮ ನೀವು ಬೇಲಿಗ್ ಸುರೀತಿರೋದು? ನಮ್ ಕೋಳಿ ರಾಗಿ ಮುಟ್ತಿಲ್ಲ.’

ಎಲ್ಲರೂ ನನ್ನನ್ನು ನೋಡಿದರು. ನಾನು ಯಜಮಾನನನ್ನು ನೋಡಿದೆ. ಅವನು ಕೋಳಿಯನ್ನೂ ನೋಡಲಿಲ್ಲ.

ಅಪ್ಪ ಬೈಯಲಿಲ್ಲ. ‘ನಾಳೆ ಆಸ್ಪತ್ರೆಗ್ ಓಗಾನ’ ಎಂದರು, ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು.

ಜುಲೈ 22, ಮಂಗಳವಾರ

ಕಾಲೇಜಿಗೆ ಹೋಗಲಿಲ್ಲ. ಒಂದು ಆಟೋದಲ್ಲಿ ಅಪ್ಪ, ಅಮ್ಮ, ಅಜ್ಜಿ, ನಾನು, ನಮ್ಮೆಲ್ಲರ ತೊಡೆಯ ಮೇಲೆ ಉದ್ದಕ್ಕೆ ಯಜಮಾನ. ಪಶು ಆಸ್ಪತ್ರೆಯಲ್ಲಿ ಎಮ್ಮೆಯೊಂದರ ಹಿಂದೆ ಸರದಿ ನಿಂತೆವು.

ಜಯಪ್ರಕಾಶ್ ಡಾಕ್ಟರು ಅವನನ್ನು ತಕ್ಕಡಿಗೆ ಹತ್ತಿಸಿ, ಮುಳ್ಳು ನೋಡಿ, ಕನ್ನಡಕ ಒರೆಸಿ, ಮತ್ತೆ ನೋಡಿದರು.

‘ಓದ್ ಸಲ ಸೂಜಿ ಆಕ್ದಾಗ್ಲಿಂದ ನಾಲ್ಕ್ ಕೇಜಿ ಜಾಸ್ತಿ ಆಗವ್ನೆ. ಏನ್ ಆಕ್ತಿದ್ದೀರಿ ಮೇಷ್ಟ್ರೆ?’

‘ನೀವೇ ಯೋಳಿದ್ರಲ್ಲ ಡಾಕ್ಟ್ರೆ. ಅಸೀದಿದ್ರೆ ಆಕಿ ಅಂತ. ಅಸೀ ಬಾಡು.’

ಡಾಕ್ಟರು ಒಂದೊಂದೇ ಅಕ್ಷರ ಇಳಿಸಿದರು. ‘ಮೇಷ್ಟ್ರೆ, ನಾನಂದಿದ್ದು ಅಸಿದಿದ್ರೆ ಆಕಿ ಅಂತ. ಅಸಿದಿದ್ರೆ. ಒಟ್ಟೆ ಅಸಿದಿದ್ರೆ ಆಕಿ, ಇಲ್ದಿದ್ರೆ ಬುಟ್ಬುಡಿ.’

ಒಂದು ದೀರ್ಘ. ಬರೀ ಒಂದು ದೀರ್ಘದ ಮೇಲೆ ಅಪ್ಪ ಪೀಠ ಕಟ್ಟಿದ್ದರು, ಅಮ್ಮ ಮಂಡ್ಯದಿಂದ ಸೈನ್ಯ ತರಿಸಿದ್ದಳು, ತುಳಸಿ ಕಟ್ಟೆ ಅಪವಿತ್ರವಾಗಿತ್ತು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭುಜ ಕುಣಿಯುತ್ತಿತ್ತು. ‘ಯಜಮಾನ, ಕಿವಿಗೂ ಒಂದ್ ಸೂಜಿ ಆಕುಸ್ಬೇಕಂತೆ ಕಣಪ್ಪ ನಿಮ್ಮಪ್ಪಂಗೆ’ ಎಂದಳು.

ಡಾಕ್ಟರು ಯಜಮಾನನ ತುಟಿ ಎತ್ತಿ, ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು. ಮುಖದ ನಗು ಕಮ್ಮಿಯಾಯಿತು.

‘ಒಸಡು ಚೂರು ಬಿಳಿಚ್ಕಂಡದೆ. ಈರುಳ್ಳಿ ಇರೋದೇನಾರ ತಿನ್ನುಸ್ತೀರಾ? ನಾಯಿಗ್ ಈರುಳ್ಳಿ ಆಗಲ್ಲ. ದಿನಾ ಒಟ್ಟೆಗೋದ್ರೆ ರಕ್ತ ಕೆಡ್ಸ್ತದೆ.’

‘ಅಯ್ಯೋ ಇಲ್ಲ ಡಾಕ್ಟ್ರೆ’ ಎಂದಳು ಅಮ್ಮ. ‘ಮೊಸ್ರನ್ನಕ್ ಯಾರಾರ ಈರುಳ್ಳಿ ಆಕ್ತಾರಾ?’

ಅಪ್ಪ ತಿರುಗಿದರು. ‘ಯಾವ್ ಮೊಸ್ರನ್ನ?’

‘ಮಧ್ಯಾನ ಒಂದ್ ತುತ್ತು. ಬಾಯಿ ಒಣಗ್ತದಲ್ಲ ಅಂತ.’

‘ನಂದ್ರಲ್ಲೂ ಈರುಳ್ಳಿ ಇಲ್ಲ ಬುಡಿ’ ಎಂದರು ಅಪ್ಪ, ‘ಬರೀ ಬೇಯ್ಸಿದ್ ಮೊಟ್ಟೆ.’

‘ಬೇಯ್ಸಿದ್ದಾ?’ ಎಂದಳು ಅಮ್ಮ. ‘ತೋಳುಕ್ಕೆ?’

ಅಜ್ಜಿ ಬೆಂಚಿನ ಮೇಲಿಂದ, ‘ಬೆಣ್ಣೆ ಮುದ್ದೇಲಿ ಈರುಳ್ಳಿ ಎಲ್ಲಿ ಬತ್ತದೆ. ನೀವೆಲ್ಲ ಏಳಕ್ ಮುಂಚೆ ಒಂದೀಟು ಕೊಡ್ತಿದ್ದೆ, ಪಾಪ’ ಎಂದರು.

ನಾನು ಗೋಡೆಯ ಮೇಲಿದ್ದ ಹಸುವಿನ ಚಿತ್ರ ನೋಡುತ್ತಿದ್ದೆ. ಹಸುವಿಗೆ ನಾಲ್ಕು ಹೊಟ್ಟೆ ಎಂದು ಬರೆದಿತ್ತು.

ಡಾಕ್ಟರು ತೀರ್ಪು ಕೊಟ್ಟರು. ಪ್ಯಾಕೆಟ್ಟಾದರೂ ಸರಿ, ಮುದ್ದೆಯಾದರೂ ಸರಿ. ಬಾಡು ಹಾಕುವುದಾದರೆ ಬೇಯಿಸಿ, ಮೂಳೆ ತೆಗೆದು ಹಾಕಿ, ಹಸಿಯಲ್ಲಿ ಹುಳ ಗಿಳ ಇರುತ್ತವೆ, ಮನೆಯವರಿಗೂ ತೊಂದರೆ. ಏನು ಹಾಕುತ್ತೀರಿ ಅನ್ನುವುದಕ್ಕಿಂತ ಎಷ್ಟು ಜನ ಹಾಕುತ್ತೀರಿ ಅನ್ನುವುದೇ ಇವನ ಕಾಯಿಲೆ. ಒಬ್ಬರು ಹಾಕಿ. ಅಮಾವಾಸ್ಯೆ ಸಂಜೆವರೆಗೂ ನೀರು ಮಾತ್ರ. ಒಸಡು ಮುಂದಿನ ವಾರ ಮತ್ತೆ ನೋಡೋಣ.

ಬರುವಾಗ ಆಟೋದಲ್ಲಿ ನಾನು ನ್ಯಾಯಮೂರ್ತಿಯ ಸ್ಥಾನ ವಹಿಸಿ, ಮೂವರೂ ಆರೋಪಿಗಳಿಗೆ ಛೀಮಾರಿ ಹಾಕಿದೆ. ಎಲ್ಲರೂ ತಲೆ ತಗ್ಗಿಸಿದರು. ಇನ್ನೂ ಚೆನ್ನಾಗಿ ಹಾಕಬಹುದಿತ್ತು. ಆಟೋ ಸದ್ದು ಜಾಸ್ತಿಯಿತ್ತು.

ಜುಲೈ 23, ಬುಧವಾರ

ಯಜಮಾನ ಗೇಟಿನಲ್ಲಿ ನನ್ನ ಬ್ಯಾಗು ಮೂಸಿದ. ಬಹಳ ಹೊತ್ತು.

ರಾತ್ರಿ ಅವನ ತುಟಿ ಎತ್ತಿ ಟಾರ್ಚು ಬಿಟ್ಟು ನೋಡಿದೆ. ಬಿಳಿ ಎಂದರೆ ಎಷ್ಟು ಬಿಳಿ ಎಂದು ಡಾಕ್ಟರನ್ನು ಕೇಳಬೇಕಿತ್ತು.

ಜುಲೈ 24, ಗುರುವಾರ, ಭೀಮನ ಅಮಾವಾಸ್ಯೆ

ಬೆಳಗ್ಗೆ ಪಾದಪೂಜೆ. ಮಣೆಯ ಮೇಲೆ ಅಪ್ಪನೇ ಕೂತರು. ಶತಮಾನದ ಕುಚೋದ್ಯ ಕಾರಣಾಂತರಗಳಿಂದ ಮುಂದೂಡಲ್ಪಟ್ಟಿದೆ. ಯಜಮಾನ ಹಸಿದು ಬಾಗಿಲಲ್ಲಿ ಮಲಗಿದ್ದ, ಅವನನ್ನು ಎಬ್ಬಿಸಿ ಆಟವಾಡಿಸುವ ಮನಸ್ಸಾಗಲಿಲ್ಲ.

ಅಮ್ಮ ಅಪ್ಪನ ಕಾಲಿಗೆ ಅರಿಸಿನ ಹಚ್ಚುತ್ತ, ಆಸ್ಪತ್ರೆಯ ಜಗಳ ಬಿಟ್ಟರೆ ಇಷ್ಟು ದಿನಗಳಲ್ಲಿ ಮೊದಲ ಬಾರಿಗೆ ನೇರವಾಗಿ ಮಾತಾಡಿದಳು. ‘ಉಗುರ್ ತಗೀಬಾರ್ದಾ.’ ಅಪ್ಪನ ಮುಖ ನೋಡಬೇಕಿತ್ತು, ಆಶೀರ್ವಾದ ಸಿಕ್ಕವರ ಹಾಗೆ.

ಸಂಜೆ ಚಲುವರಾಜು ಮಾವ ಗೂಡ್ಸ್ ಆಟೋದಲ್ಲಿ ಬಂದರು. ಕೈಯಲ್ಲಿ ಹೊಸ ಹಗ್ಗ.

ತಟ್ಟೆ ಒಂದೇ. ಹಬ್ಬದ ದಿನವಾದ್ದರಿಂದ ಬಾಡಿಲ್ಲ. ಅಜ್ಜಿ ಮುದ್ದೆ ಮುರಿದು ಹಾಕಿದರು, ಅದರ ಮೇಲೆ ಈರುಳ್ಳಿ ಇಲ್ಲದ ಬೇಳೆ ಸಾರು, ಅದರ ಮೇಲೆ ಅಮ್ಮನ ಒಂದು ಹಿಡಿ ಕಾಳು. ಅಪ್ಪ ತಮ್ಮ ಕಡೆಯಿಂದ ಏನೂ ಹಾಕಲಾಗದೆ ಪೀಪಿ ಹಿಡಿದು ನಿಂತರು.

ಯಜಮಾನ ಬಂದ. ಮೂಸಿದ. ಕೂತ. ತಲೆ ತಿರುಗಿಸಿ ನನ್ನನ್ನು ನೋಡಿದ. ನಾನು ಖಾಲಿ ಕೈಗಳನ್ನು ತೋರಿಸಿದೆ. ಮಾವ ಹಗ್ಗ ಬಿಡಿಸತೊಡಗಿದರು.

‘ಉಣ್ಣೋ’ ಎಂದೆ. ಘನತೆವೆತ್ತ ಯಾವ ಬಿರುದೂ ನೆನಪಾಗಲಿಲ್ಲ. ‘ಉಣ್ಲಾ, ನಿನ್ ದಮ್ಮಯ್ಯ.’

ಅವನು ತಟ್ಟೆಗೆ ಬಾಯಿ ಹಾಕಿದ. ಅಪ್ಪಟ ಮಂಡ್ಯ ಸೀಮೆಯವನಂತೆ ಮುದ್ದೆಯನ್ನು ಅಗಿಯದೆ ನುಂಗಿದ. ಕಾಳನ್ನು ಕಟಕಟ ಕಡಿದ. ತಟ್ಟೆ ನೆಕ್ಕಿ ನೆಕ್ಕಿ ಮಾವನ ಕಾಲಿನವರೆಗೂ ತಳ್ಳಿಕೊಂಡು ಹೋದ. ಅಪ್ಪ ಪೀಪಿ ಊದಿದರು. ಅಜ್ಜಿ ಕಣ್ಣೊರೆಸಿಕೊಂಡು, ‘ಅಸಿದಿತ್ತು ಕಣಮ್ಮಿ’ ಎಂದರು.

‘ಅಗ್ಗ ತಂದಿದ್ಕೆ ಏನಾರ ಕೊಡಮ್ಮಿ, ಕಟ್ಕಂಡೋಯ್ತೀನಿ’ ಎಂದರು ಮಾವ. ಅಮ್ಮ ಮಿಕ್ಕ ಕೋಳಿ ಕತ್ತುಗಳನ್ನು ಫ್ರಿಜ್ಜಿನಿಂದ ತೆಗೆದುಕೊಟ್ಟಳು.

ಇಂತಿ, ಯಜಮಾನ ದೇವರ ಉಪವಾಸ ಪರ್ವವು ಮಂಗಳವಾಯಿತು.

ಜುಲೈ 25, ಶುಕ್ರವಾರ

ಐದೂವರೆ ಬಸ್ಸಿಗೆ ಬಂದೆ. ಗೇಟಿನಲ್ಲಿ ಯಾರೂ ಇರಲಿಲ್ಲ. ಯಜಮಾನ ಒಳಗೆ ಅಜ್ಜಿಯ ಕಾಲ ಬಳಿ ಮಲಗಿದ್ದ. ಒಂದು ಕಣ್ಣು ಬಿಟ್ಟು ನೋಡಿ, ಮುಚ್ಚಿಕೊಂಡ.

ಅವನು ನನಗಾಗಿ ಕೊರಗುತ್ತಾನೆ ಎಂಬ ಅಜ್ಜಿಯ ದಂತಕಥೆಯನ್ನು ನಾನು ತಳ್ಳಿಹಾಕಿದ್ದೆ ಎಂದು ಎರಡನೇ ತಾರೀಕಿನ ಪುಟದಲ್ಲಿದೆ. ತಳ್ಳಿಹಾಕಿರಲಿಲ್ಲ.

ಮೂವರಿಗೆ ಛೀಮಾರಿ ಹಾಕಿದ ನ್ಯಾಯಮೂರ್ತಿಗಳು ಕಾಲೇಜು ಶುರುವಾದ ದಿನದಿಂದ ಮದ್ದೂರು ಬಸ್ ಸ್ಟ್ಯಾಂಡಿನಿಂದ ದಿನವೂ ಎರಡು ವಡೆ ಕಟ್ಟಿಸಿಕೊಂಡು ಬರುತ್ತಿದ್ದರು. ಅದರಲ್ಲಿ ಎಷ್ಟು ಈರುಳ್ಳಿ ಇರುತ್ತದೆ ಎಂದು ಈ ಸೀಮೆಯಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಒಂದು ನನಗೆ, ಒಂದು ಅವನಿಗೆ ಎಂದು ಬರೆದು ಮುಗಿಸಬಹುದಿತ್ತು.

ಎರಡೂ ಅವನಿಗೇ.